ವಿಳಾಸ ತಪ್ಪಿದ ಆರಾಧನೆ

786ರ ಆಗಸ್ಟ್ 1ರಂದು ಕಾನ್‌ಸ್ಟಾಂಟಿನೋಪಲ್ ನಗರದ ಪವಿತ್ರ ಪ್ರೇಷಿತರ ಚರ್ಚಿನಲ್ಲಿ ಧರ್ಮಾಧ್ಯಕ್ಷರ ಮಹಾಸಭೆಯೊಂದು ಆರಂಭವಾಯಿತು. ಆರಂಭವಾದ ದಿನವೇ ಮುರಿದೂ ಬಿತ್ತು. ಹದಿಹರೆಯದ ಚಕ್ರವರ್ತಿ ಆರನೆಯ ಕಾನ್‌ಸ್ಟಂಟೈನನೂ ಅವನ ಹೆಸರಿನಲ್ಲಿ ರಾಜ್ಯವಾಳುತ್ತಿದ್ದ ತಾಯಿ ಐರೀನಳೂ ಮೇಲಂತಸ್ತಿನಿಂದ ನೋಡುತ್ತಿದ್ದಂತೆಯೇ ಅರಮನೆಯ ಕಾವಲು ಪಡೆಯವರು ಕತ್ತಿ ಹಿರಿದು ಒಳನುಗ್ಗಿ ಗುರುಗಳನ್ನೆಲ್ಲ ಚದುರಿಸಿದರು. ಸಂತರ ಚಿತ್ರಗಳಿಗೆ ಕೈಮುಗಿಯುವುದು ವಿಗ್ರಹಾರಾಧನೆ ಎಂದು ಸಾಮ್ರಾಜ್ಯ ಮೂವತ್ತು ವರ್ಷಗಳ ಹಿಂದೆಯೇ ವಿಧಿವತ್ತಾಗಿ ಘೋಷಿಸಿತ್ತು. ಆ ಘೋಷಣೆಯನ್ನು ರದ್ದುಮಾಡಲು ಈ ಸಭೆ ಸೇರಿತ್ತು. ಸೈನಿಕರಿಗೆ ದೇವತಾಶಾಸ್ತ್ರ ಎಷ್ಟು ತಿಳಿದಿತ್ತೋ, ಅರಬರನ್ನೂ ಬಲ್ಗಾರರನ್ನೂ ಸೋಲಿಸಿದ ಐದನೆಯ ಕಾನ್‌ಸ್ಟಂಟೈನ್ ಚಿತ್ರಗಳ ಕಡುವೈರಿಯಾಗಿದ್ದ ಎಂಬುದಂತೂ ಚೆನ್ನಾಗಿ ನೆನಪಿತ್ತು. ಚಿತ್ರಗಳು ಮರಳಿದರೆ ಸೋಲೂ ಮರಳುತ್ತದೆ ಎಂದು ಅವರು ನಂಬಿದ್ದರು. ಐರೀನ್ ಆತುರಪಡಲಿಲ್ಲ. ಅರಬರ ಮೇಲೆ ದಂಡಯಾತ್ರೆಯೆಂಬ ನೆಪದಲ್ಲಿ ಆ ಪಡೆಗಳನ್ನು ರಾಜಧಾನಿಯಿಂದ ಹೊರಗೆ ಕಳಿಸಿ, ಅಲ್ಲಿಯೇ ವಿಸರ್ಜಿಸಿದಳು. ಮರುವರ್ಷ ಸೆಪ್ಟೆಂಬರ್ 24ರಂದು ನೈಸಿಯಾದಲ್ಲಿ ಸಭೆ ಮತ್ತೆ ಕೂಡಿತು. ಅಕ್ಟೋಬರ್ 13ರಂದು ಅದು ಹೊರಡಿಸಿದ ನಿರ್ಣಯದ ಮೇಲೆಯೇ ಪ್ರತಿಮೆಗಳ ಕುರಿತ ಕಥೋಲಿಕ ತಿಳಿವಳಿಕೆ ಇಂದಿಗೂ ನಿಂತಿದೆ.

ಹೊರಗಿನವರು ಆ ನಿರ್ಣಯವನ್ನು ಸಾಮಾನ್ಯವಾಗಿ ಒಂದು ವಿನಾಯಿತಿಯ ಹಾಗೆ ಓದುತ್ತಾರೆ: ವಿಗ್ರಹ ಕೂಡದು ಎಂದ ಧರ್ಮ ತನ್ನ ವಿಗ್ರಹಗಳಿಗೆ ಮಾತ್ರ ರಿಯಾಯಿತಿ ಕೊಟ್ಟುಕೊಂಡಿತು ಎಂದು. ನನಗೆ ಹಾಗೆ ಕಾಣುವುದಿಲ್ಲ. ನೈಸಿಯಾ ಮಾಡಿದ್ದು ಅದಕ್ಕಿಂತ ದೊಡ್ಡದು, ಧರ್ಮಸಭೆಯ ಪಾಲಿಗೇ ಹೆಚ್ಚು ಅಪಾಯಕಾರಿಯಾದದ್ದು. ವಿಗ್ರಹಾರಾಧನೆಯ ಪಾಪವನ್ನು ಅದು ಕಲ್ಲು, ಮರ, ಬಣ್ಣಗಳಿಂದ ಬಿಡಿಸಿ ತಲೆಬಾಗುವವನ ಮನಸ್ಸಿನಲ್ಲಿಟ್ಟಿತು. ಪೂಜೆ ಕಾಗದದಂತೆ ಯಾರದೋ ವಿಳಾಸಕ್ಕೆ ಹೋಗುತ್ತದೆ. ದೇವರೊಬ್ಬನಿಗೇ ಸಲ್ಲಬೇಕಾದದ್ದು ಬೇರೆ ವಿಳಾಸಕ್ಕೆ ಹೋದರೆ ಅದೇ ವಿಗ್ರಹಾರಾಧನೆ. ಎದುರಿಗೆ ಪ್ರತಿಮೆ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಈ ಅಳತೆಗೋಲನ್ನು ಒಮ್ಮೆ ಒಪ್ಪಿದ ಮೇಲೆ ತನ್ನವರಿಗೊಂದು, ಪರರಿಗೊಂದು ಎಂದು ಹಿಡಿಯಲಾಗುವುದಿಲ್ಲ. ಹಿಡಿದದ್ದುಂಟು, ಹಿಡಿದಾಗಲೆಲ್ಲ ಮುಂದೆ ಅದನ್ನು ತಿದ್ದಿಕೊಳ್ಳಬೇಕಾಗಿಯೂ ಬಂತು. ಮುಂದಿನ ಹನ್ನೆರಡು ಶತಮಾನಗಳ ಕಥೆಯಲ್ಲಿ ಬಹುಪಾಲು ಇದೇ.

ಅಳತೆಗೋಲಿನ ಬೀಜ ಬೈಬಲಿನಲ್ಲಿಯೇ ಇದೆ. ವಿಮೋಚನಕಾಂಡದ ಇಪ್ಪತ್ತನೆಯ ಅಧ್ಯಾಯ ಆಕಾಶ, ಭೂಮಿ, ನೀರುಗಳಲ್ಲಿರುವ ಯಾವುದರ ರೂಪವನ್ನೂ ಮಾಡಿಕೊಂಡು ಅಡ್ಡಬೀಳಬಾರದು ಎಂದು ಖಂಡಿತವಾಗಿ ಹೇಳುತ್ತದೆ. ಐದು ಅಧ್ಯಾಯ ಕಳೆಯುವಷ್ಟರಲ್ಲಿ ಅದೇ ದೇವರು ಅದೇ ಮೋಶೆಗೆ, ಒಡಂಬಡಿಕೆಯ ಮಂಜೂಷದ ಮೇಲೆ ರೆಕ್ಕೆ ಚಾಚಿದ ಎರಡು ಕೆರೂಬಿಗಳನ್ನು ಚಿನ್ನದಲ್ಲಿ ಮಾಡಿಸೆಂದು ಆಜ್ಞೆ ಕೊಡುತ್ತಾನೆ. ಮರುಭೂಮಿಯಲ್ಲಿ ಹಾವು ಕಚ್ಚಿದ ಜನರನ್ನು ಉಳಿಸಲು ಕಂಚಿನ ಸರ್ಪವೊಂದನ್ನು ಕಂಬಕ್ಕೇರಿಸೆಂದು ಹೇಳಿದವನೂ ಅವನೇ. ಈ ಸರ್ಪದ ಕೊನೆಯ ಕಥೆ ಅರಸುಗಳ ಎರಡನೆಯ ಗ್ರಂಥದಲ್ಲಿ ಬರುತ್ತದೆ. ಶತಮಾನಗಳ ನಂತರ ಜನ ಅದರ ಮುಂದೆ ಧೂಪ ಹಾಕತೊಡಗಿದ್ದರಿಂದ ಹಿಜ್ಕೀಯ ರಾಜ ಅದನ್ನು ಒಡೆಸಿ ಚೂರುಚೂರು ಮಾಡಿಸಿದ. ಕಂಚು ಅದೇ, ಆಕಾರ ಅದೇ, ಮಾಡಿಸಿದವನು ಸಾಕ್ಷಾತ್ ದೇವರೇ. ಬದಲಾದದ್ದು ಜನರು ಅದರಿಂದ ಏನು ಬಯಸುತ್ತಿದ್ದರು ಎಂಬುದೊಂದೇ. ವಿಗ್ರಹವನ್ನು ವಿಗ್ರಹವಾಗಿಸುವುದು ಲೋಹವಾಗಿದ್ದರೆ ಮೋಶೆಯೂ ತಪ್ಪಿತಸ್ಥ. ಆಜ್ಞೆಯಿಂದ ಮಾಡಿದ್ದು ಎಂದೆಂದಿಗೂ ಶುದ್ಧವಾಗಿದ್ದರೆ ಹಿಜ್ಕೀಯ ತಪ್ಪಿತಸ್ಥ. ಪವಿತ್ರಗ್ರಂಥ ಇಬ್ಬರನ್ನೂ ಮೆಚ್ಚುತ್ತದೆ.

ಕ್ರೈಸ್ತರ ಮೊದಲ ಶತಮಾನಗಳು ಈ ವಿಷಯದಲ್ಲಿ ಏಕಮತದವಲ್ಲ. ಸಿರಿಯಾದಲ್ಲಿ ಯೂಫ್ರಟೀಸ್ ದಡದ ದುರಾ-ಯೂರೋಪೊಸ್ ಊರಿನ ಒಂದು ಮನೆಯನ್ನು ಮೂರನೆಯ ಶತಮಾನದ ಕ್ರೈಸ್ತರು ಪ್ರಾರ್ಥನಾಮಂದಿರ ಮಾಡಿಕೊಂಡಿದ್ದರು. ಅದರ ಗೋಡೆಯ ಮೇಲೆ ಕುರಿಯನ್ನು ಹೊತ್ತ ಕುರುಬನ ಚಿತ್ರವಿದೆ, ಪಾರ್ಶ್ವವಾಯು ರೋಗಿಯನ್ನು ಯೇಸು ಎಬ್ಬಿಸುವ ಚಿತ್ರವಿದೆ. ಅದೇ ಊರಿನ ಯೆಹೂದಿ ಸಭಾಮಂದಿರದ ಗೋಡೆಗಳಂತೂ ಚಿತ್ರಗಳಿಂದ ತುಂಬಿಹೋಗಿವೆ. ಇತ್ತ ಸ್ಪೇನಿನಲ್ಲಿ ನಾಲ್ಕನೆಯ ಶತಮಾನದ ಆರಂಭದಲ್ಲಿ ಎಲ್ವೀರಾದಲ್ಲಿ ಸೇರಿದ ಧರ್ಮಾಧ್ಯಕ್ಷರು ಚರ್ಚಿನ ಗೋಡೆಗಳ ಮೇಲೆ ಚಿತ್ರ ಬೇಡವೆಂದು ನಿಯಮ ಮಾಡಿದರು. ಪೋಪ್ ಮಹಾ ಗ್ರೆಗೊರಿ 599 ಮತ್ತು 600ರಲ್ಲಿ ಮಾರ್ಸೇಯ್ ನಗರದ ಧರ್ಮಾಧ್ಯಕ್ಷ ಸೆರೆನಸ್‌ನಿಗೆ ಬರೆದ ಪತ್ರಗಳಲ್ಲಿ ಒಂದು ನಡುದಾರಿ ಕಾಣುತ್ತದೆ. ಜನ ಚಿತ್ರಗಳನ್ನು ಪೂಜಿಸುವುದನ್ನು ಕಂಡು ಸೆರೆನಸ್ ಅವನ್ನು ಒಡೆದುಹಾಕಿದ್ದ. ಪೂಜೆಯನ್ನು ತಡೆದದ್ದು ಸರಿ, ಒಡೆದದ್ದು ತಪ್ಪು, ಓದುಬರಹ ಬಾರದವರು ಗೋಡೆಯ ಮೇಲೆ ಓದಿಕೊಳ್ಳುತ್ತಾರೆ ಎಂಬುದು ಗ್ರೆಗೊರಿಯ ತೀರ್ಪು. ವಿವೇಕದ ಮಾತೇ. ಆದರೆ ಅದು ಚಿತ್ರವನ್ನು ಪಠ್ಯಪುಸ್ತಕದ ಮಟ್ಟಕ್ಕೆ ಇಳಿಸುತ್ತದೆ. ಚಿತ್ರಕ್ಕೆ ಮುತ್ತಿಟ್ಟು ದೀಪ ಹಚ್ಚುವವರ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಮುತ್ತಿಟ್ಟು ದೀಪ ಹಚ್ಚುವುದು ಪೂರ್ವದಲ್ಲಿ ಹೆಚ್ಚು. ಚಕ್ರವರ್ತಿ ಮೂರನೆಯ ಲಿಯೋ 717-718ರ ಅರಬ್ ಮುತ್ತಿಗೆಯಿಂದ ರಾಜಧಾನಿಯನ್ನು ಉಳಿಸಿದವನು. 726ರಲ್ಲಿ ಥೇರಾ ದ್ವೀಪದ ಬಳಿ ಜ್ವಾಲಾಮುಖಿ ಸಿಡಿದಾಗ, ಚಿತ್ರಪೂಜೆಗೆ ಸಿಟ್ಟಾದ ದೇವರ ಎಚ್ಚರಿಕೆ ಇದು ಎಂದು ಅವನು ಭಾವಿಸಿದನೆಂದು ವೃತ್ತಾಂತಕಾರರು ಬರೆಯುತ್ತಾರೆ. 730ರಲ್ಲಿ ಪೇಟ್ರಿಯಾರ್ಕ್ ಜರ್ಮೇನಸ್ ಚಕ್ರವರ್ತಿಯ ಚಿತ್ರವಿರೋಧಿ ನೀತಿಗೆ ಒಪ್ಪದೆ ಪದವಿ ಬಿಟ್ಟ. ಈ ನೀತಿಗೆ ಅತ್ಯಂತ ಬಲವಾದ ಉತ್ತರ ಬಂದದ್ದು ಸಾಮ್ರಾಜ್ಯದ ಗಡಿಯಾಚೆಯಿಂದ. ಡಮಾಸ್ಕಸ್‌ನ ಯೊವಾನ್ನನ ಮನೆತನ ಖಲೀಫರ ಆಡಳಿತದಲ್ಲಿ ಕೆಲಸ ಮಾಡಿದ್ದು. ಅವನು ಜೆರುಸಲೇಮಿನ ಸೀಮೆಯಲ್ಲಿ ಸನ್ಯಾಸಿಯಾಗಿದ್ದ. ಮುಸ್ಲಿಂ ರಾಜ್ಯದಲ್ಲಿದ್ದುದರಿಂದಲೇ ಕ್ರೈಸ್ತ ಚಕ್ರವರ್ತಿಯ ಕೈ ಅವನನ್ನು ಮುಟ್ಟಲಾರದೆ ಹೋಯಿತು. ಅವನ ಮೂರು ಪ್ರಬಂಧಗಳ ಸಾರ ಹೀಗೆ: ಹೋರೇಬಿನಲ್ಲಿ ಇಸ್ರೇಲರು ದೇವರ ರೂಪವನ್ನು ಕಾಣಲಿಲ್ಲವಾದ್ದರಿಂದ ಅವನ ರೂಪ ಮಾಡಕೂಡದೆಂದು ಧರ್ಮೋಪದೇಶಕಾಂಡ ಹೇಳಿತು. ಆ ದೇವರು ಮನುಷ್ಯನಾಗಿ ಹುಟ್ಟಿ, ಊಟ ಮಾಡಿ, ದಣಿದು, ಶಿಲುಬೆಯ ಮೇಲೆ ಸತ್ತ ಮೇಲೆ ನಿಷೇಧದ ಆ ಕಾರಣ ಉಳಿಯಲಿಲ್ಲ. ಕಂಡದ್ದನ್ನು ಬರೆಯಬಹುದು. ಜಡವಸ್ತುವಿಗೆ ನಾನು ಪೂಜೆ ಮಾಡುವುದಿಲ್ಲ, ನನಗಾಗಿ ಜಡದೇಹ ತಾಳಿದವನಿಗೆ ಮಾಡುತ್ತೇನೆ ಎಂಬುದು ಅವನ ನಿಲುವು. ಚಿತ್ರದ ಜಗಳವನ್ನು ಅವನು ಕ್ರಿಸ್ತನ ಮನುಷ್ಯಾವತಾರದ ಜಗಳವನ್ನಾಗಿ ಮಾಡಿದ.

ಎದುರಾಳಿಗಳೂ ದಡ್ಡರಲ್ಲ. ಲಿಯೋನ ಮಗ ಐದನೆಯ ಕಾನ್‌ಸ್ಟಂಟೈನ್ ಸ್ವತಃ ದೇವತಾಶಾಸ್ತ್ರ ಬರೆಯಬಲ್ಲವನಾಗಿದ್ದ. ಅವನು 754ರಲ್ಲಿ ಹಿಯೇರಿಯಾ ಅರಮನೆಯಲ್ಲಿ 338 ಧರ್ಮಾಧ್ಯಕ್ಷರನ್ನು ಸೇರಿಸಿ ತೆಗೆಸಿದ ತೀರ್ಮಾನದಲ್ಲಿ ಯೊವಾನ್ನನ ವಾದವನ್ನು ಅವನ ಮೇಲೆಯೇ ತಿರುಗಿಸುವ ಜಾಣ್ಮೆಯಿದೆ. ಕ್ರಿಸ್ತ ದೇವರೂ ಹೌದು, ಮನುಷ್ಯನೂ ಹೌದು. ಚಿತ್ರಕಾರ ಯಾವುದನ್ನು ಬರೆದ? ದೈವತ್ವವನ್ನು ಬರೆದೆನೆಂದರೆ ಅದು ಅಸಾಧ್ಯ. ಮನುಷ್ಯತ್ವವನ್ನಷ್ಟೇ ಬರೆದೆನೆಂದರೆ ಒಬ್ಬ ಕ್ರಿಸ್ತನನ್ನು ಎರಡಾಗಿ ಸೀಳಿದಂತೆ. ಎರಡನ್ನೂ ಕೂಡಿಸಿ ಬರೆದೆನೆಂದರೆ ಕಲಸುಮೇಲೋಗರ. ಮೂರು ದಾರಿಯೂ ಹಿಂದಿನ ಮಹಾಸಭೆಗಳು ಖಂಡಿಸಿದ ಪಾಷಂಡದ ಬಾಗಿಲಿಗೇ ಹೋಗುತ್ತವೆ; ಕ್ರಿಸ್ತನ ನಿಜವಾದ ಪ್ರತಿರೂಪ ಪರಮಪ್ರಸಾದವೊಂದೇ ಎಂದು ಹಿಯೇರಿಯಾ ಹೇಳಿತು. ಈ ವಾದ ನಮಗೆ ಸಿಕ್ಕಿರುವುದೇ ಒಂದು ತಮಾಷೆ. ಚಿತ್ರವಿರೋಧಿಗಳ ಬರಹಗಳನ್ನು ಗೆದ್ದವರು ನಾಶಮಾಡಿದರು. ಈ ತೀರ್ಮಾನ ಮಾತ್ರ ನೈಸಿಯಾ ಸಭೆಯಲ್ಲಿ ಸಾಲುಸಾಲಾಗಿ ಓದಿ ಖಂಡಿಸಿದ್ದರಿಂದ ಆ ಕಡತದೊಳಗೇ ಉಳಿದುಕೊಂಡಿತು. ಅದಕ್ಕೆ ತೃಪ್ತಿಕರ ಉತ್ತರ ಕೊಟ್ಟವನು ಮುಂದಿನ ಪೀಳಿಗೆಯ ಮಠಾಧಿಪತಿ ಥಿಯೋಡೋರ್ ಸ್ಟೂಡೈಟ್: ಯಾವ ಚಿತ್ರಕಾರನೂ ಸ್ವಭಾವವನ್ನು ಬರೆಯುವುದಿಲ್ಲ, ವ್ಯಕ್ತಿಯನ್ನು ಬರೆಯುತ್ತಾನೆ. ಪೇತ್ರನ ಚಿತ್ರ ಮನುಷ್ಯತ್ವವೆಂಬ ಅಮೂರ್ತದ ಚಿತ್ರವಲ್ಲ, ಪೇತ್ರನದು. ಕ್ರಿಸ್ತನ ಚಿತ್ರವೂ ಹಾಗೆಯೇ, ಆ ಒಬ್ಬ ವ್ಯಕ್ತಿಯದು.

ನೈಸಿಯಾದ ನಿರ್ಣಯ ಇಷ್ಟು ಸೂಕ್ಷ್ಮಕ್ಕೆ ಹೋಗದೆ ಎರಡು ಸಂಗತಿಗಳನ್ನು ನೆಲೆಗೊಳಿಸಿತು. ಮೊದಲನೆಯದು, ಆರಾಧನೆ ಬೇರೆ, ವಂದನೆ ಬೇರೆ. ಆರಾಧನೆ ದೇವರೊಬ್ಬನಿಗೆ; ಶಿಲುಬೆಗೆ, ಶುಭಸಂದೇಶದ ಗ್ರಂಥಕ್ಕೆ, ಚಿತ್ರಗಳಿಗೆ ದೀಪಧೂಪಗಳೊಡನೆ ವಂದನೆ ಸಲ್ಲಬಹುದು. ಎರಡನೆಯದು, ಚಿತ್ರಕ್ಕೆ ಸಲ್ಲಿಸಿದ ಗೌರವ ಅಲ್ಲಿಯೇ ನಿಲ್ಲದೆ ಮೂಲವ್ಯಕ್ತಿಗೆ ಸಂದಾಯವಾಗುತ್ತದೆ. ಈ ಸೂತ್ರ ನಾಲ್ಕನೆಯ ಶತಮಾನದ ಸಂತ ಬಾಸಿಲನದು, ಅವನು ಅದನ್ನು ಹೇಳಿದ್ದು ತಂದೆಗೂ ಸುತನಿಗೂ ಇರುವ ಸಂಬಂಧವನ್ನು ವಿವರಿಸುವಾಗ, ಚಕ್ರವರ್ತಿಯ ಭಾವಚಿತ್ರವನ್ನು ಉದಾಹರಣೆಯಾಗಿಟ್ಟು. ಭಾವಚಿತ್ರದ ಮಾತು ಆ ಕಾಲದ ಕೇಳುಗರಿಗೆ ತಟ್ಟನೆ ಅರ್ಥವಾಗುವಂಥದು. ಚಕ್ರವರ್ತಿಯ ಚಿತ್ರ ಪ್ರಾಂತ್ಯದ ಊರುಗಳಿಗೆ ಬಂದಾಗ ಜನ ದೀಪಧೂಪಗಳೊಡನೆ ಎದುರ್ಗೊಳ್ಳುತ್ತಿದ್ದರು, ಹಲಗೆಯನ್ನು ಗೌರವಿಸುತ್ತಿದ್ದೇವೆಂದು ಅವರಲ್ಲಿ ಯಾರೂ ತಿಳಿದಿರಲಿಲ್ಲ. ಸಂತರ ಚಿತ್ರ ತೆಗೆಸಿದ ಚಕ್ರವರ್ತಿಗಳು ನಾಣ್ಯದ ಮೇಲಿನ ತಮ್ಮ ಮುಖವನ್ನು ತೆಗೆಸಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬಹುದು. ಇನ್ನು ಪರಮಪ್ರಸಾದದ ವಿಷಯಕ್ಕೆ ನೈಸಿಯಾ ಕೊಟ್ಟ ಉತ್ತರವನ್ನು ಭಾರತೀಯ ಓದುಗರು ವಿಶೇಷವಾಗಿ ಗಮನಿಸಬೇಕು: ಅದು ಕ್ರಿಸ್ತನ ಪ್ರತಿರೂಪವೇ ಅಲ್ಲ, ಸ್ವತಃ ಅವನ ದೇಹ. ಹೀಗಾಗಿ ಕಥೋಲಿಕರು ಪ್ರತಿಮೆಗೆ ಸಲ್ಲಿಸದ ಪೂರ್ಣ ಆರಾಧನೆಯನ್ನು ಪರಮಪ್ರಸಾದಕ್ಕೆ ಸಲ್ಲಿಸುತ್ತಾರೆ. ಪ್ರಾಣಪ್ರತಿಷ್ಠೆಯಾದ ಮೂರ್ತಿಯಲ್ಲಿ ದೇವರ ಸಾನ್ನಿಧ್ಯವಿದೆ ಎನ್ನುವ ಹಿಂದೂ ನಂಬಿಕೆಗೆ ಕಥೋಲಿಕ ಬದುಕಿನಲ್ಲಿ ಹೋಲಿಕೆ ಹುಡುಕಬೇಕಾದದ್ದು ಮರಿಯಮ್ಮನವರ ಸ್ವರೂಪದಲ್ಲಲ್ಲ, ಪರಮಪ್ರಸಾದದ ಪೆಟ್ಟಿಗೆಯಲ್ಲಿ. ಹೋಲಿಸಿದರೂ ಎರಡೂ ಒಂದೇ ಆಗುವುದಿಲ್ಲ. ಆದರೆ ಸಾಮಾನ್ಯವಾಗಿ ನಡೆಯುವ ಹೋಲಿಕೆ ತಪ್ಪು ಜಾಗದಿಂದ ಶುರುವಾಗುತ್ತದೆ.

ಇಲ್ಲೊಂದು ಗಟ್ಟಿಯಾದ ಆಕ್ಷೇಪವಿದೆ. ಗೌರವ ಮೂಲಕ್ಕೆ ಹೋಗುತ್ತದೆ ಎಂಬ ಮಾತನ್ನು ರೋಮಿನ ಹಳೆಯ ದೇವತೆಗಳ ಉಪಾಸಕರೂ ಹೇಳುತ್ತಿದ್ದರು. ಕಲ್ಲನ್ನು ದೇವರೆಂದು ತಿಳಿಯುವವನು ಮೂರ್ಖ ಮಾತ್ರ ಎಂದು ಎರಡನೆಯ ಶತಮಾನದ ಸೆಲ್ಸಸ್ ಕ್ರೈಸ್ತರಿಗೆ ಉತ್ತರಿಸಿದ್ದ. ಇದೇ ಸಮರ್ಥನೆಯನ್ನು ಸಂತ ಆಗಸ್ಟೀನ್ ಕೀರ್ತನೆಯೊಂದರ ವ್ಯಾಖ್ಯಾನದಲ್ಲಿ ಎತ್ತಿಕೊಂಡು ನಿರಾಕರಿಸಿದ್ದಾನೆ. ಅನ್ಯರು ಹೇಳಿದಾಗ ನೆಪವಾದದ್ದು ನಮ್ಮವರು ಹೇಳಿದಾಗ ಸಿದ್ಧಾಂತವಾಗುವುದು ಹೇಗೆ? ಪ್ರಾಮಾಣಿಕ ಕಥೋಲಿಕ ಉತ್ತರ ಒಂದೇ: ಪ್ರತಿಮೆಯನ್ನು ಬಳಸುವ ಬಗೆಯಲ್ಲಿ ವ್ಯತ್ಯಾಸವಿಲ್ಲದಿರಬಹುದು, ವ್ಯತ್ಯಾಸವಿರುವುದು ಆಚೆ ತುದಿಯಲ್ಲಿ ಯಾರಿದ್ದಾರೆ ಎಂಬುದರಲ್ಲಿ. ಜೂಪಿಟರನ ಪ್ರತಿಮೆಯಿಂದ ಹೊರಟ ಗೌರವ ಜೂಪಿಟರನಿಗೇ ತಲುಪುತ್ತದೆ, ತೊಡಕಿರುವುದು ಅಲ್ಲಿ. ಈ ಉತ್ತರ ತರ್ಕಬದ್ಧವಾಗಿದೆ. ಅದರ ಬೆಲೆಯನ್ನೂ ತೆರಬೇಕು: ಇನ್ನು ಮುಂದೆ ಕ್ರೈಸ್ತನೊಬ್ಬ ಕಲ್ಲಿಗೆ ಕೈಮುಗಿದವರನ್ನು ಕಲ್ಲಿನ ಕಾರಣಕ್ಕೇ ಹಳಿಯುವಂತಿಲ್ಲ. ನೀವು ಕರೆಯುತ್ತಿರುವುದು ಯಾರನ್ನು ಎಂದು ಮೊದಲು ಕೇಳಬೇಕಾಗುತ್ತದೆ.

ಪಶ್ಚಿಮಕ್ಕೆ ಈ ನಿರ್ಣಯ ಕೆಟ್ಟ ಲ್ಯಾಟಿನ್ ಅನುವಾದದಲ್ಲಿ ತಲುಪಿತು. ತ್ರಿತ್ವಕ್ಕೆ ಸಲ್ಲುವ ಆರಾಧನೆಯನ್ನು ಚಿತ್ರಗಳಿಗೆ ಸಲ್ಲಿಸುವುದಿಲ್ಲ ಎಂದ ಸೈಪ್ರಸ್ಸಿನ ಧರ್ಮಾಧ್ಯಕ್ಷನೊಬ್ಬ ಅದರಲ್ಲಿ ಸಲ್ಲಿಸುತ್ತೇನೆ ಎಂದಂತಾಗಿತ್ತು. ಶಾರ್ಲಮೇನ್ ದೊರೆಯ ಆಸ್ಥಾನ ಕೆರಳಿ ದೊಡ್ಡದೊಂದು ಖಂಡನಗ್ರಂಥವನ್ನೇ ಬರೆಸಿತು, 794ರ ಫ್ರಾಂಕ್‌ಫರ್ಟ್ ಸಭೆ ಅದಕ್ಕೆ ದನಿಗೂಡಿಸಿತು. ಪೂರ್ವದಲ್ಲಿಯೂ ಜಗಳ ಮುಗಿದಿರಲಿಲ್ಲ. 815ರಲ್ಲಿ ಮತ್ತೆ ನಿಷೇಧ ಬಂದು, 843ರಲ್ಲಿ ರಾಣಿ ಥಿಯೋಡೋರಾ ಅದನ್ನು ಕೊನೆಗಾಣಿಸಿದಳು. ಆ ಎರಡನೆಯ ಅವಧಿಯಲ್ಲಿ, 824ರಲ್ಲಿ, ಚಕ್ರವರ್ತಿ ಎರಡನೆಯ ಮೈಕೇಲ್ ಪಶ್ಚಿಮದ ಚಕ್ರವರ್ತಿ ಲೂಯಿಗೆ ಬರೆದ ಪತ್ರದಲ್ಲಿ ಜನರ ನಡವಳಿಕೆಯ ದೂರುಗಳಿವೆ: ಮಕ್ಕಳ ಜ್ಞಾನಸ್ನಾನಕ್ಕೆ ಚಿತ್ರವನ್ನೇ ಧರ್ಮಪಿತನಾಗಿ ನಿಲ್ಲಿಸುತ್ತಾರೆ, ಕೆಲವು ಗುರುಗಳು ಚಿತ್ರದ ಬಣ್ಣ ಕೆರೆದು ಪರಮಪ್ರಸಾದದ ದ್ರಾಕ್ಷಾರಸಕ್ಕೆ ಬೆರೆಸುತ್ತಾರೆ. ಇದು ಬರೀ ವಿರೋಧಿಗಳ ಅಪಪ್ರಚಾರವೆಂದು ತಳ್ಳಿಹಾಕಲಾಗದು. ಸಂತ ದಿಮಿತ್ರಿಯ ಚಿತ್ರವನ್ನು ಮಗುವಿನ ಧರ್ಮಪಿತನನ್ನಾಗಿ ಮಾಡಿದ ಅಧಿಕಾರಿಯೊಬ್ಬನನ್ನು ಮೆಚ್ಚಿ ಥಿಯೋಡೋರ್ ಸ್ಟೂಡೈಟನೇ ಪತ್ರ ಬರೆದಿದ್ದಾನೆ. ಚಿತ್ರವೇ ವ್ಯಕ್ತಿಯಲ್ಲ ಎಂದು ವಾದಿಸಿದವನಿಗೂ ಚಿತ್ರದಲ್ಲಿ ವ್ಯಕ್ತಿ ಬಂದು ನಿಲ್ಲುತ್ತಾನೆ ಎನಿಸುವ ಗಳಿಗೆಗಳಿದ್ದವು.

ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಈ ಗಂಟಿಗೆ ಕೈಹಾಕಿ, ಮನಸ್ಸು ಪ್ರತಿಮೆಯ ಕಡೆಗೆ ಎರಡು ರೀತಿಯಲ್ಲಿ ಚಲಿಸಬಲ್ಲದು ಎಂದ. ಅದನ್ನು ಕೆತ್ತಿದ ಮರವೆಂದು ನೋಡಿದರೆ ಅದಕ್ಕೆ ಯಾವ ಗೌರವವೂ ಸಲ್ಲದು, ಏಕೆಂದರೆ ಗೌರವ ಬುದ್ಧಿಯುಳ್ಳವರಿಗೆ ಸಲ್ಲತಕ್ಕದ್ದು. ಇನ್ನೊಂದರ ಪ್ರತಿರೂಪವೆಂದು ನೋಡಿದರೆ, ಮನಸ್ಸಿನ ಆ ಚಲನೆಯೂ ಮೂಲದ ಕಡೆಗಿನ ಚಲನೆಯೂ ಒಂದೇ. ಆದ್ದರಿಂದ ಕ್ರಿಸ್ತನ ಪ್ರತಿಮೆಯ ಮುಂದೆ ನಡೆಯುವುದು ಆರಾಧನೆಯೇ ಎಂದು ಅವನು ನೈಸಿಯಾಗಿಂತ ಒಂದು ಹೆಜ್ಜೆ ಮುಂದೆ ಹೋದ. ತರ್ಕ ನಿಖರವಾಗಿದೆ, ಬಹುಶಃ ಅಗತ್ಯಕ್ಕಿಂತ ಹೆಚ್ಚು ನಿಖರವಾಗಿದೆ. ಮೂರು ಶತಮಾನಗಳ ನಂತರ ಕಾರ್ಡಿನಲ್ ಬೆಲ್ಲಾರ್ಮೀನ್, ಇಂಥ ಮಾತನ್ನು ಪ್ರವಚನಪೀಠದಿಂದ ಜನಸಾಮಾನ್ಯರಿಗೆ ಹೇಳದಿರುವುದೇ ಲೇಸು ಎಂದು ಎಚ್ಚರಿಸಬೇಕಾಯಿತು.

ಅಷ್ಟರಲ್ಲಿ ಜನಸಾಮಾನ್ಯರೇ ಕೊಡಲಿ ಹಿಡಿದಿದ್ದರು. 1522ರಲ್ಲಿ ವಿಟೆನ್‌ಬರ್ಗಿನಲ್ಲಿ ಕಾರ್ಲ್‌ಸ್ಟಾಟ್ ಪ್ರತಿಮೆಗಳನ್ನು ತೆಗೆದುಹಾಕಬೇಕೆಂದು ಬರೆದಾಗ ಲೂಥರನೇ ಅಡಗುತಾಣ ಬಿಟ್ಟು ಬಂದು ತಡೆಯಬೇಕಾಯಿತು. ಲೂಥರನ ಮಟ್ಟಿಗೆ ಪ್ರತಿಮೆ ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. 1524ರಲ್ಲಿ ಜ್ಯೂರಿಕ್ ನಗರ ತನ್ನ ಚರ್ಚುಗಳನ್ನು ಕ್ರಮಬದ್ಧವಾಗಿ ಬರಿದುಮಾಡಿತು. 1566ರ ಆಗಸ್ಟಿನಲ್ಲಿ ಸ್ಟೇನ್‌ವೋರ್ಡೆಯಲ್ಲಿ ಶುರುವಾದ ಪ್ರತಿಮಾಭಂಜನೆ ಹತ್ತು ದಿನಗಳಲ್ಲಿ ಆಂಟ್‌ವರ್ಪಿನ ಮಹಾದೇವಾಲಯವನ್ನು ಮುಟ್ಟಿತು. ಈ ಭಂಜನೆಗೆ ತರ್ಕದ ಬೆನ್ನೆಲುಬು ಕೊಟ್ಟಿದ್ದ ಕಾಲ್ವಿನ್ ಆರಾಧನೆ ಮತ್ತು ವಂದನೆಯ ಭೇದವನ್ನು ಕಾಗದದ ಮೇಲಿನ ಭೇದವೆಂದು ಗೇಲಿಮಾಡಿದ. ಪ್ರತಿಮೆ ಬರೀ ಸಂಕೇತವಾಗಿದ್ದರೆ ಮನೆಯ ಪಕ್ಕದ ಮರಿಯಮ್ಮನನ್ನು ಬಿಟ್ಟು ದೂರದೂರಿನ ಮರಿಯಮ್ಮನ ಹತ್ತಿರಕ್ಕೆ ಯಾತ್ರೆ ಹೋಗುವುದೇಕೆ ಎಂಬುದು ಅವನ ಪ್ರಶ್ನೆ. ಪ್ರತಿಮೆಗಳ ವಿರುದ್ಧ ಕೇಳಲಾದ ಪ್ರಶ್ನೆಗಳಲ್ಲೆಲ್ಲ ಇದೇ ಹರಿತವಾದದ್ದು. ಕೃಪೆ ದೇವರದು, ಅವನು ಬಯಸಿದ ಸ್ಥಳದಲ್ಲಿ ಬಯಸಿದಂತೆ ಕೊಡುತ್ತಾನೆ, ಪ್ರತಿಮೆಯಿಂದ ಅದು ಹೊಮ್ಮುವುದಿಲ್ಲ ಎಂದು ಕಥೋಲಿಕರು ಉತ್ತರಿಸಬಹುದು. ಉತ್ತರ ತಪ್ಪಲ್ಲ, ಆದರೆ ಹರಕೆ ಹೊತ್ತು ನಡೆದುಬಂದವರ ಮನಸ್ಸನ್ನು ಅದು ಪೂರ್ತಿ ವಿವರಿಸುತ್ತದೆ ಎಂದು ನನಗನ್ನಿಸುವುದಿಲ್ಲ. 1563ರ ಡಿಸೆಂಬರಿನಲ್ಲಿ ಟ್ರೆಂಟ್ ಮಹಾಸಭೆ ಕೊಟ್ಟ ತೀರ್ಪಿನಲ್ಲಿ ಈ ಅಳುಕು ಕಾಣುತ್ತದೆ. ಪ್ರತಿಮೆಗಳಲ್ಲಿ ದೈವತ್ವವಾಗಲಿ ಶಕ್ತಿಯಾಗಲಿ ಇದೆಯೆಂದು ಭಾವಿಸಕೂಡದು, ಅವುಗಳನ್ನೇ ಬೇಡಿಕೊಳ್ಳಕೂಡದು, ಅವುಗಳ ಮೇಲೆ ಭರವಸೆ ಇಡಕೂಡದು; ಗೌರವವೆಲ್ಲ ಮೂಲಕ್ಕೆ ಸಲ್ಲುತ್ತದೆ ಎಂದು ನೈಸಿಯಾವನ್ನು ಎತ್ತಿಹಿಡಿದು, ಮೂಢನಂಬಿಕೆಯನ್ನೂ ದುಡ್ಡಿನಾಸೆಯನ್ನೂ ತೊಡೆದುಹಾಕಿ, ಧರ್ಮಾಧ್ಯಕ್ಷರ ಒಪ್ಪಿಗೆಯಿಲ್ಲದೆ ಹೊಸ ಬಗೆಯ ಪ್ರತಿಮೆ ಇಡಬೇಡಿ, ಹೊಸ ಪವಾಡ ಒಪ್ಪಬೇಡಿ ಎಂದಿತು. ಜನರ ಮನಸ್ಸನ್ನು ತೆರೆದು ನೋಡಲಾಗದಾಗ ಮೇಲ್ವಿಚಾರಣೆಯನ್ನು ಬಿಗಿಮಾಡುವುದು ಸಂಸ್ಥೆಗಳ ಸ್ವಭಾವ.

ಟ್ರೆಂಟ್ ಮುಗಿದ ನಾಲ್ಕೇ ವರ್ಷಕ್ಕೆ, 1567ರಲ್ಲಿ, ಗೋವೆಯಲ್ಲಿ ಮೊದಲ ಪ್ರಾಂತೀಯ ಧರ್ಮಸಭೆ ಸೇರಿತು. ತಿಸವಾಡಿಯ ದೇವಸ್ಥಾನಗಳನ್ನು ಪೋರ್ಚುಗೀಸರು 1540ರ ಸುಮಾರಿಗೇ ಕೆಡವಿದ್ದರು. ಈಗ ಸಾಲಸೆಟ್ಟೆಯ ಸರದಿ. ಯಾರನ್ನೂ ಬಲವಂತದಿಂದ ಕ್ರೈಸ್ತರನ್ನಾಗಿ ಮಾಡಬಾರದೆಂದು ಹೇಳಿದ ಆ ಸಭೆಯೇ ಗುಡಿಗಳನ್ನು ಕೆಡವುವಂತೆ ಅರಸನನ್ನೂ ಕೇಳಿಕೊಂಡಿತು. ಕುಶಸ್ಥಳಿಯ ಮಂಗೇಶ ಪ್ರಿಯೋಳಕ್ಕೆ, ಕೇಳೋಶಿಯ ಶಾಂತಾದುರ್ಗೆ ಕವಳೆಗೆ ಹೋದದ್ದು ಆ ದಶಕದಲ್ಲಿ. ನದಿಯಾಚೆಯ ಆ ಅಂತ್ರೂಜ್ ಸೀಮೆ ಆಗ ಬಿಜಾಪುರದ ಆದಿಲಶಾಹಿಗಳದು. ಒಬ್ಬ ಮುಸ್ಲಿಂ ದೊರೆಯ ನೆಲದಲ್ಲಿ ಕ್ರೈಸ್ತ ಸನ್ಯಾಸಿ ಚಿತ್ರಗಳನ್ನು ಕಾದ ಎಂಟುನೂರು ವರ್ಷಗಳ ನಂತರ ಇನ್ನೊಬ್ಬ ಮುಸ್ಲಿಂ ದೊರೆಯ ನೆಲದಲ್ಲಿ ಕೊಂಕಣಿಗರ ದೇವರುಗಳು ಕ್ರೈಸ್ತರಿಂದ ತಪ್ಪಿಸಿಕೊಂಡವು. ಅನೇಕ ಸಾರಸ್ವತ ಮನೆತನಗಳು ಕೆನರಾ ಕರಾವಳಿಗೆ ಇಳಿದವು. ಗೋವೆಯ ಗುರುಗಳನ್ನು ಕೇಳಿದ್ದರೆ, ನಾವೂ ನೈಸಿಯಾದ ಅಳತೆಗೋಲನ್ನೇ ಹಿಡಿದಿದ್ದೇವೆ, ಅನ್ಯರ ಬಲಿ ಪಿಶಾಚಿಗಳಿಗೆ ಸಲ್ಲುತ್ತದೆಂದು ಸಂತ ಪೌಲರೇ ಬರೆದಿದ್ದಾರೆ ಎನ್ನುತ್ತಿದ್ದರು. ಆದರೆ ವಿಳಾಸ ತಪ್ಪಿದೆ ಎಂದು ತೀರ್ಮಾನಿಸುವ ಮೊದಲು ವಿಳಾಸವನ್ನು ಓದಬೇಕು. ಓದುವ ಗೋಜಿಗೆ ಹೋಗದೆ ಕಲ್ಲನ್ನು ಒಡೆದವರು, ಕಲ್ಲೇ ಪಾಪವೆಂದು ನಂಬಿದ 754ರ ಸಭೆಯ ಸಾಲಿಗೆ ಸೇರುತ್ತಾರೆಯೇ ಹೊರತು ಅದನ್ನು ಅಲ್ಲಗಳೆದ 787ರ ಸಭೆಯ ಸಾಲಿಗಲ್ಲ.

ಓದಲು ಹೊರಟವರೂ ಇದ್ದರು. 1606ರಲ್ಲಿ ಮಧುರೆಗೆ ಬಂದ ಯೇಸುಸಭೆಯ ರೊಬೆರ್ತೊ ದೆ ನೊಬಿಲಿ, ಜನಿವಾರ, ಜುಟ್ಟು, ಗಂಧಗಳು ಅಂತಸ್ತಿನ ಗುರುತುಗಳು, ಯಾವ ದೇವರ ಪೂಜೆಯೂ ಅಲ್ಲ, ಹೊಸ ಕ್ರೈಸ್ತರು ಅವನ್ನು ಬಿಡಬೇಕಿಲ್ಲ ಎಂದು ವಾದಿಸಿದ. ಗೋವೆಯ ಆರ್ಚ್‌ಬಿಷಪ್ ಒಪ್ಪಲಿಲ್ಲ. 1623ರಲ್ಲಿ ಪೋಪ್ ಹದಿನೈದನೆಯ ಗ್ರೆಗೊರಿ ಷರತ್ತುಗಳೊಡನೆ ಒಪ್ಪಿದರು. 1640ರ ದಶಕದ ಕೊನೆಗೆ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ ಕಟ್ಟಿದ ಲಿಯೊನಾರ್ಡೊ ಚಿನ್ನಾಮಿ ಇದೇ ದಾರಿಯಲ್ಲಿ ಸನ್ಯಾಸಿಯ ಉಡುಪು ತೊಟ್ಟು ಕನ್ನಡ ಕಲಿತವನು. ಚೀನಾದಲ್ಲಿ ಮತ್ತೆಯೊ ರಿಚ್ಚಿಯ ಅನುಯಾಯಿಗಳು ಪಿತೃಗಳ ಹಲಗೆಗೆ ಬಾಗುವುದನ್ನೂ ಕನ್‌ಫ್ಯೂಷಿಯಸನಿಗೆ ಗೌರವ ಸಲ್ಲಿಸುವುದನ್ನೂ ಹೀಗೆಯೇ ಅರ್ಥಮಾಡಿಕೊಂಡರು. 1700ರಲ್ಲಿ ಕಾಂಗ್‌ಷಿ ಚಕ್ರವರ್ತಿ ಅದು ಕೃತಜ್ಞತೆಯ ಆಚರಣೆಯೇ ಎಂದು ದೃಢಪಡಿಸಿದ. ರೋಮ್ ನಂಬಲಿಲ್ಲ. 1704ರಲ್ಲಿ ಪಾಂಡಿಚೇರಿಯಲ್ಲಿ ಪೋಪರ ಪ್ರತಿನಿಧಿ ಟೂರ್ನೊನ್ ಹೊರಡಿಸಿದ ಆಜ್ಞೆ ಮಧುರೆ, ಮೈಸೂರು, ಕರ್ನಾಟಿಕ್ ಮಿಷನ್‌ಗಳಿಗೆಲ್ಲ ಅನ್ವಯಿಸಿತು. ಪಿಳ್ಳೆಯಾರನ, ಅಂದರೆ ಗಣೇಶನ, ರೂಪವಿದ್ದ ತಾಳಿ, ಮದುವೆಯಲ್ಲಿ ತೆಂಗಿನಕಾಯಿ ಒಡೆದು ಶಕುನ ನೋಡುವುದು ಎಲ್ಲವೂ ನಿಷಿದ್ಧವಾದವು. 1742ರಲ್ಲಿ ಚೀನಾದ ಆಚರಣೆಗಳನ್ನೂ 1744ರಲ್ಲಿ ಭಾರತದ ಆಚರಣೆಗಳನ್ನೂ ಹದಿನಾಲ್ಕನೆಯ ಬೆನೆಡಿಕ್ಟ್ ಅಂತಿಮವಾಗಿ ಮುಚ್ಚಿದರು, ಧರ್ಮಪ್ರಚಾರಕರಿಂದ ಪ್ರಮಾಣ ಮಾಡಿಸಿಕೊಂಡರು. ಅಂತಿಮವೆಂದದ್ದು ಇನ್ನೂರು ವರ್ಷ ಬಾಳಿತು. 1939ರ ಡಿಸೆಂಬರಿನಲ್ಲಿ ರೋಮ್ ಕನ್‌ಫ್ಯೂಷಿಯಸನ ಗೌರವವನ್ನು ನಾಗರಿಕ ಆಚರಣೆಯೆಂದು ಒಪ್ಪಿ ಕಥೋಲಿಕರಿಗೆ ಅನುಮತಿ ಕೊಟ್ಟಿತು, ಮರುವರ್ಷ ಭಾರತದ ಪ್ರಮಾಣವನ್ನೂ ತೆಗೆದುಹಾಕಿತು. ಅಷ್ಟರಲ್ಲಿ ಕಾಲ ಬದಲಾಗಿ ಆಚರಣೆಗಳ ಅರ್ಥವೇ ತಿಳಿಯಾಗಿತ್ತು ಎಂಬುದು ರೋಮಿನ ಸಮಜಾಯಿಷಿ. ಅದರಲ್ಲಿ ಸತ್ಯಾಂಶವಿದೆ. ಆದರೂ ಹಲಗೆಗೆ ಬಾಗುವವರ ಉದ್ದೇಶವನ್ನು ಬಾಗುವವರಿಂದಲೇ ಕೇಳಿ ತಿಳಿಯಬೇಕೆಂಬ ನೊಬಿಲಿ, ರಿಚ್ಚಿಯರ ಮಾತಿಗೇ ಅದು ಹಿಂದಿರುಗಿತ್ತು.

ಅಳತೆಗೋಲಿನ ಇನ್ನೊಂದು ಅಂಚು ಅದೇ ದಶಕದಲ್ಲಿ ಹೊಳೆಯಿತು. 1937ರ ಮಾರ್ಚ್ 21, ಗರಿಗಳ ಭಾನುವಾರ, ಜರ್ಮನಿಯ ಕಥೋಲಿಕ ಚರ್ಚುಗಳಲ್ಲಿ ಓದಲಾದ ಹನ್ನೊಂದನೆಯ ಪಿಯುಸರ ಪತ್ರ, ಜನಾಂಗವನ್ನೋ ರಾಷ್ಟ್ರವನ್ನೋ ಎಲ್ಲಕ್ಕಿಂತ ಮೇಲಿಟ್ಟು ದೈವವಾಗಿಸುವುದನ್ನು ವಿಗ್ರಹಾರಾಧನೆಯ ಸಾಲಿಗೆ ಸೇರಿಸಿತು. ಅಲ್ಲಿ ಒಡೆಯಲು ಪ್ರತಿಮೆ ಇರಲಿಲ್ಲ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವೂ ಹೀಗೆಯೇ ಹಣ, ಅಧಿಕಾರ, ಸುಖ, ಜನಾಂಗ, ರಾಷ್ಟ್ರಗಳನ್ನು ವಿಗ್ರಹಗಳ ಪಟ್ಟಿಗೆ ಸೇರಿಸುತ್ತದೆ, ಪ್ರತಿಮೆಗಳ ಮಾತಿಗೆ ಬಂದಾಗ ನೈಸಿಯಾದ ಬೆನ್ನಿಗೆ ನಿಲ್ಲುತ್ತದೆ. ಹೀಗೆ ಹಿಗ್ಗಿಸಿದರೆ ಪದಕ್ಕೆ ಅರ್ಥವೇ ಉಳಿಯುವುದಿಲ್ಲ, ಎಲ್ಲ ಅತಿಯಾಸೆಯೂ ವಿಗ್ರಹಾರಾಧನೆಯಾಗಿಬಿಡುತ್ತದೆ ಎಂದು ಆಕ್ಷೇಪಿಸಬಹುದು. ಆದರೆ ಲೋಭವನ್ನು ವಿಗ್ರಹಾರಾಧನೆ ಎಂದದ್ದು ಕೊಲೊಸ್ಸೆಯವರಿಗೆ ಬರೆದ ಪತ್ರದಷ್ಟು ಹಳೆಯ ಮಾತು; ಪಾಪವನ್ನು ಕಲ್ಲಿನಿಂದ ಬಿಡಿಸಿದ ಮೇಲೆ ಅದು ಕಲ್ಲಿಲ್ಲದ ಕಡೆಗೂ ನಡೆದುಹೋಗುವುದು ಸಹಜವೇ.

2019ರ ಅಕ್ಟೋಬರಿನಲ್ಲಿ ಅಮೆಜಾನ್ ಸೀಮೆಯ ಕುರಿತ ಧರ್ಮಾಧ್ಯಕ್ಷರ ಸಭೆಗಾಗಿ ರೋಮಿಗೆ ಬಂದ ಮೂಲನಿವಾಸಿಗಳು ಬಸುರಿ ಹೆಂಗಸಿನ ಮರದ ಬೊಂಬೆಗಳನ್ನು ತಂದಿದ್ದರು. ವ್ಯಾಟಿಕನ್ ಉದ್ಯಾನದಲ್ಲಿ ಕೆಲವರು ಅವುಗಳ ಸುತ್ತ ಮಂಡಿಯೂರಿ ತಲೆಬಾಗಿದ್ದು ಕ್ಯಾಮೆರಾಗಳಲ್ಲಿ ಸೆರೆಯಾಯಿತು. ಅಕ್ಟೋಬರ್ 21ರ ಮುಂಜಾನೆ ಆಸ್ಟ್ರಿಯಾದ ಯುವಕನೊಬ್ಬ ಸಂಗಡಿಗನೊಂದಿಗೆ ಆ ಬೊಂಬೆಗಳನ್ನು ಸಂತ ಮರಿಯಾ ಟ್ರಾಸ್‌ಪೊಂಟಿನಾ ಚರ್ಚಿನಿಂದ ಎತ್ತಿಕೊಂಡು ಹೋಗಿ ಟೈಬರ್ ನದಿಗೆ ಎಸೆದ. ಪೊಲೀಸರು ಅವನ್ನು ನೀರಿನಿಂದ ತೆಗೆದರು. ಪೋಪ್ ಫ್ರಾನ್ಸಿಸ್ ರೋಮಿನ ಧರ್ಮಾಧ್ಯಕ್ಷರಾಗಿ ಕ್ಷಮೆ ಕೇಳಿ, ಬೊಂಬೆಗಳನ್ನು ಇಟ್ಟದ್ದರಲ್ಲಿ ವಿಗ್ರಹಾರಾಧನೆಯ ಉದ್ದೇಶವಿರಲಿಲ್ಲ ಎಂದರು. ಕಾರ್ಡಿನಲ್ ಮ್ಯುಲ್ಲರ್, ತಪ್ಪಾದದ್ದು ವಿಗ್ರಹಗಳನ್ನು ಹೊರಗೆಸೆದದ್ದಲ್ಲ, ಒಳಗೆ ತಂದದ್ದು ಎಂದರು. ಇಬ್ಬರೂ ಮರದ ಬಗ್ಗೆ ಜಗಳವಾಡಲಿಲ್ಲ, ಬಾಗಿದವರು ಯಾರಿಗೆ ಬಾಗಿದರು ಎಂಬುದರ ಬಗ್ಗೆ ಆಡಿದರು. ಆ ಪ್ರಶ್ನೆಗೆ ಸಂಬಂಧಪಟ್ಟವರಲ್ಲಿಯೇ ಒಂದೇ ಉತ್ತರವಿರಲಿಲ್ಲ: ಅಮೆಜಾನಿನ ಮಾತೆ ಮರಿಯಮ್ಮ ಎಂದವರಿದ್ದರು, ಜೀವದ, ಫಲವಂತಿಕೆಯ ಸಂಕೇತವಷ್ಟೇ ಎಂದವರಿದ್ದರು, ಭೂಮಿತಾಯಿ ಎಂದವರೂ ಇದ್ದರು. ಉತ್ತರ ಗೊತ್ತಿದ್ದದ್ದು ಮಂಡಿಯೂರಿದವರಿಗೆ. ವಾರಗಟ್ಟಲೆ ನಡೆದ ಆ ವಾಗ್ವಾದದಲ್ಲಿ ಅವರ ದನಿ ಕೇಳಿಸಿದ್ದು ಎಲ್ಲರಿಗಿಂತ ಕಡಿಮೆ.